ಭಾಗಶಃ ಮಾರ್ಪಡಿಸಿ ಆದೇಶಿಸಿದೆ

ನನ್ನ ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಮೇಜಿನ ಬಲಗಡೆ ದಪ್ಪನೆಯ ಒಂದು ಗಾರ್ಡ್ ಫೈಲ್ ಇರುತ್ತಿತ್ತು. ಬೆಂಗಳೂರಿನಿಂದ ಬಂದ ಸುತ್ತೋಲೆಗಳೆಲ್ಲ ಅದರೊಳಗೆ. ಪ್ರತಿ ಸುತ್ತೋಲೆಯ ತಲೆಯ ಮೇಲೆ 'ಓದಲಾಗಿದೆ' ಎಂಬ ಪಟ್ಟಿ, ಅದರಲ್ಲಿ ಹಿಂದಿನ ನಾಲ್ಕೈದು ಆದೇಶಗಳ ಸಂಖ್ಯೆ, ಆಮೇಲೆ ಆ ಪ್ರಸಿದ್ಧ ಮಾತು: ಕ್ರಮಾಂಕ ಎರಡರ ಆದೇಶವನ್ನು ಭಾಗಶಃ ಮಾರ್ಪಡಿಸಿ ಆದೇಶಿಸಿದೆ. ಯಾವ ಭಾಗ ಉಳಿಯಿತು, ಯಾವ ಭಾಗ ಹೋಯಿತು ಎಂದು ತಿಳಿಯಬೇಕಾದರೆ ಐದೂ ಕಾಗದಗಳನ್ನು ಹರಡಿಕೊಂಡು ಕೂರಬೇಕು. ಅಪ್ಪ ಹಾಗೆ ಕೂರುತ್ತಿರಲಿಲ್ಲ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಇವತ್ತಿಗೆ ಜಾರಿಯಲ್ಲಿರುವುದು ಏನು ಎಂಬುದನ್ನಷ್ಟೇ ಬರೆದಿಟ್ಟುಕೊಂಡಿದ್ದರು. ನಿಯಮ ಬದಲಾದರೆ ಹಳೆಯ ಸಾಲಿಗೆ ಅಡ್ಡಗೆರೆ, ಪಕ್ಕದಲ್ಲಿ ಹೊಸದು, ತಾರೀಖು. ತಹಶೀಲ್ದಾರರಿಗೇ ಅನುಮಾನ ಬಂದರೂ ಗಾರ್ಡ್ ಫೈಲ್ ತರಿಸುತ್ತಿರಲಿಲ್ಲ. 'ರಾಯರೇ, ನಿಮ್ಮ ಪುಸ್ತಕದಲ್ಲಿ ಏನಿದೆ ನೋಡಿ' ಎನ್ನುತ್ತಿದ್ದರು.

ಇಪ್ಪತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ ಮೇಲೆ ಹೇಳುತ್ತಿದ್ದೇನೆ: ನಮ್ಮ ಉದ್ಯಮ ಗಾರ್ಡ್ ಫೈಲನ್ನು ದೇವರ ಮನೆಯಲ್ಲಿಟ್ಟು ಪೂಜೆ ಮಾಡುತ್ತಿದೆ, ಅಪ್ಪನ ನೋಟ್‌ಬುಕ್ಕನ್ನು ರದ್ದಿಗೆ ಹಾಕಿದೆ.

ಈ ಕಸುಬಿನ ಹೊರಗಿರುವವರಿಗೆ ಎರಡು ಮಾತು. ಪ್ರೋಗ್ರಾಮು ಯಾವ ಡೇಟಾಬೇಸಿಗೆ ಹೋಗಬೇಕು, ಬ್ಯಾಂಕಿನ ಉತ್ತರಕ್ಕೆ ಎಷ್ಟು ಸೆಕೆಂಡು ಕಾಯಬೇಕು, ಉತ್ತರ ಬಾರದಿದ್ದರೆ ಎಷ್ಟು ಸಲ ಮತ್ತೆ ಕೇಳಬೇಕು, ಹೊಸ ಬಟನ್ನನ್ನು ಯಾವ ಊರಿನವರಿಗೆ ತೋರಿಸಬೇಕು ಎಂಬ ನೂರಾರು ಬೆಲೆಗಳನ್ನು ಅದಕ್ಕೆ ಹೊರಗಿನಿಂದ ಹೇಳಿಕೊಡಬೇಕು. ಬೆಲೆ ಎಂದರೆ ಇಲ್ಲಿ ದುಡ್ಡಲ್ಲ, ಹೈಸ್ಕೂಲಿನ ಬೀಜಗಣಿತದಲ್ಲಿ 'ಎಕ್ಸ್‌ನ ಬೆಲೆ ಕಂಡುಹಿಡಿಯಿರಿ' ಎನ್ನುತ್ತಿದ್ದರಲ್ಲ, ಆ ಬೆಲೆ. ಇವುಗಳನ್ನೇ ಸೆಟ್ಟಿಂಗ್, ಕಾನ್ಫಿಗರೇಷನ್, ಆಫೀಸಿನ ಬಾಯಲ್ಲಿ ಕಾನ್ಫಿಗ್ ಎನ್ನುವುದು. ಹತ್ತು ಮಷೀನುಗಳಿದ್ದಾಗ ಪ್ರತಿಯೊಂದರಲ್ಲೂ ಒಂದು ಫೈಲ್ ಇಟ್ಟರೆ ಸಾಕಿತ್ತು. ಸಾವಿರಗಳಾದಾಗ ಒಂದು ಮತ ಹುಟ್ಟಿತು. ಸೆಟ್ಟಿಂಗ್‌ಗಳು ಚೆಲ್ಲಾಪಿಲ್ಲಿಯಾಗಿರುವುದೇ ರೋಗ, ಎಲ್ಲವನ್ನೂ ಒಂದು ಕೇಂದ್ರಕ್ಕೆ ತನ್ನಿ. ತಳದಲ್ಲಿ ಎಲ್ಲರಿಗೂ ಅನ್ವಯಿಸುವ ಡೀಫಾಲ್ಟ್ ಇರಲಿ, ಅದರ ಮೇಲೆ ಪ್ರದೇಶದ ಪದರ, ಅದರ ಮೇಲೆ ಗಿರಾಕಿಯ ಪದರ, ಎಲ್ಲಕ್ಕಿಂತ ಮೇಲೆ ಓವರ್‌ರೈಡ್ ನಿಯಮಗಳು. ಮೇಲಿನದು ಕೆಳಗಿನದನ್ನು ತಳ್ಳಿಹಾಕುತ್ತದೆ. ಒಬ್ಬ ಒಂದು ಕಡೆ ಕೂತು ಒಂದು ಸಾಲು ಬರೆದರೆ ಇಡೀ ಕಂಪನಿ ಹೇಳಿದ ಹಾಗೆ ಕೇಳುತ್ತದೆ.

ಈ ಮತಕ್ಕೆ ಈಗ ಎದುರಾಳಿಗಳೇ ಇಲ್ಲ. ಇಂಟರ್‌ವ್ಯೂನಲ್ಲಿ ಹುಡುಗರು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ನಾನು ಒಪ್ಪುವುದಿಲ್ಲ. ಕೇಂದ್ರದಲ್ಲಿ ಕೂತು ತಳ್ಳಿಹಾಕುವ ಈ ಏರ್ಪಾಡು ಬರೆಯುವುದನ್ನು ಸುಲಭ ಮಾಡಿದೆ, ಓದುವುದನ್ನು ಅಸಾಧ್ಯ ಮಾಡಿದೆ. ಸೆಟ್ಟಿಂಗನ್ನು ವರ್ಷಕ್ಕೊಮ್ಮೆ ಬರೆಯುತ್ತೇವೆ, ತೊಂದರೆಯಾದ ಪ್ರತಿ ರಾತ್ರಿ ಓದುತ್ತೇವೆ.

ಒಂದು ರಾತ್ರಿಯ ಕಥೆ. ನಾನಾಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದೆ, ಹೆಸರು ಬೇಡ. ವ್ಯಾಪಾರಿಗಳ ಖಾತೆಗೆ ಹಣ ಕಳಿಸುವ ಹೊಸ ಸರ್ವಿಸ್ ಅಂದು ಸಂಜೆಯಷ್ಟೇ ಶುರುವಾಗಿತ್ತು. ಹನ್ನೊಂದು ಗಂಟೆಗೆ ದೂರು: ಕೆಲವರಿಗೆ ಹಣ ಎರಡೆರಡು ಸಲ ಹೋಗಿದೆ. ಆನ್‌ಕಾಲ್ ಡ್ಯೂಟಿಯಲ್ಲಿ ಇದ್ದವಳು ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹಾಸನದ ಹುಡುಗಿ. ಲಾಗ್ ನೋಡಿದಳು. ಸರ್ವಿಸ್ ಬ್ಯಾಂಕಿನ ಉತ್ತರಕ್ಕೆ ಮೂರು ಸೆಕೆಂಡು ಕಾದು, ಬೇಸತ್ತು, ಅದೇ ಹಣವನ್ನು ಮತ್ತೆ ಕಳಿಸುತ್ತಿತ್ತು. ಬ್ಯಾಂಕು ಉತ್ತರಿಸಲು ಐದಾರು ಸೆಕೆಂಡು ತೆಗೆದುಕೊಳ್ಳುತ್ತಿತ್ತು.

'ಸರ್, ಟೈಮ್‌ಔಟ್ ಮೂವತ್ತು ಅಂತಲೇ ಇದೆ ಸರ್ ನಮ್ಮ ಫೈಲಿನಲ್ಲಿ' ಎಂದಳು. ನಾನೂ ನೋಡಿದೆ, ಮೂವತ್ತೇ. ನಿಜವಾದ ಬಳಕೆಯ, ಅಂದರೆ ಪ್ರೊಡಕ್ಷನ್, ಪದರದಲ್ಲಿ ನೋಡಿದೆವು, ಏನೂ ಇಲ್ಲ. ಪ್ರದೇಶದ ಪದರ, ಏನೂ ಇಲ್ಲ. ಕೊನೆಗೆ ರಾತ್ರಿ ಎರಡೂವರೆಗೆ ಸಿಕ್ಕಿತು. ಎರಡು ವರ್ಷದ ಹಿಂದೆ ಯಾರೋ ಕೇಂದ್ರದ ಓವರ್‌ರೈಡ್ ಪಟ್ಟಿಯಲ್ಲಿ ಒಂದು ಸಾಲು ಬರೆದಿದ್ದರು: 'ಪೇ' ಎಂದು ಶುರುವಾಗುವ ಎಲ್ಲ ಸರ್ವಿಸ್‌ಗಳಿಗೂ ಟೈಮ್‌ಔಟ್ ಮೂರು ಸೆಕೆಂಡು. ಆಗ ಒಬ್ಬ ಗಿರಾಕಿಯ ಪೇಮೆಂಟ್ ಗೇಟ್‌ವೇ ಜಡ್ಡುಗಟ್ಟಿ ನಮ್ಮ ಸರ್ವರುಗಳನ್ನೂ ಎಳೆದುಕೊಂಡು ಬೀಳುತ್ತಿತ್ತಂತೆ. ಗಿರಾಕಿ ಬಿಟ್ಟುಹೋಗಿ ಒಂದೂವರೆ ವರ್ಷವಾಗಿತ್ತು. ಬರೆದವರು ಕೆಲಸ ಬಿಟ್ಟಿದ್ದರು. ಸಾಲು ಮಾತ್ರ ಕೂತಿತ್ತು, ಹೊಸ ಬಲಿಗಾಗಿ ಕಾಯುತ್ತ. ನಮ್ಮ ಹೊಸ ಸರ್ವಿಸಿನ ಹೆಸರು ಪೇಔಟ್.

ಇದರಲ್ಲಿ ಯಾರ ತಪ್ಪೂ ಇಲ್ಲ ಎನ್ನುವುದೇ ಇದರ ಭೀಕರತೆ. ಆವತ್ತು ಆ ಸಾಲು ಬರೆದವರು ಕಂಪನಿಯನ್ನು ಉಳಿಸಿದ್ದರು. ಪೇಔಟ್ ಬರೆದವರು ತಮ್ಮ ಫೈಲಿನಲ್ಲಿ ಸರಿಯಾದ ಅಂಕಿ ಬರೆದಿದ್ದರು, ಅದನ್ನು ಇಬ್ಬರು ಓದಿ ಒಪ್ಪಿದ್ದರು. ಎಲ್ಲರೂ ಸರಿ ಮಾಡಿ ಒಟ್ಟಿಗೆ ತಪ್ಪಾಯಿತು. ಕಾರಣ ಇಷ್ಟೇ: ಮಷೀನಿನ ಒಳಗೆ ಓಡುತ್ತಿದ್ದ 'ಮೂರು' ಎಂಬ ಬೆಲೆಯನ್ನು ಪೇಔಟ್‌ಗಾಗಿ ಯಾರೂ ಎಲ್ಲಿಯೂ ಬರೆದಿರಲಿಲ್ಲ. ಐದು ಪದರಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಮಾತ್ರ ಅದು ಕಾಣುತ್ತಿತ್ತು. ಯಾರೂ ಬರೆಯದ ಬೆಲೆಯನ್ನು ಯಾರು ಪರಿಶೀಲಿಸಬೇಕು?

'ಅದು ನಿಮ್ಮ ಕಂಪನಿಯ ಅಶಿಸ್ತು, ಪದ್ಧತಿಯ ದೋಷವಲ್ಲ' ಎನ್ನುವವರಿದ್ದಾರೆ. ಹಾಗಿದ್ದರೆ ಶಿಸ್ತಿಗೆ ಹೆಸರಾದ ಒಂದನ್ನೇ ನೋಡೋಣ. ವಿಂಡೋಸ್ 2000ದ ಜೊತೆ ಬಂದ ಗ್ರೂಪ್ ಪಾಲಿಸಿಯನ್ನು ಆಫೀಸಿನಲ್ಲಿ ಕೆಲಸ ಮಾಡುವವರೆಲ್ಲ ಅನುಭವಿಸಿದ್ದಾರೆ, ಹೆಸರು ಗೊತ್ತಿಲ್ಲದಿದ್ದರೂ. ನಿಮ್ಮ ಕಂಪ್ಯೂಟರಿನ ವಾಲ್‌ಪೇಪರ್ ಬದಲಾಯಿಸಲು ಬಾರದಿದ್ದರೆ, ಪೆನ್ ಡ್ರೈವ್ ತೆರೆಯದಿದ್ದರೆ, ಅದರ ಹಿಂದೆ ಇರುವುದು ಸಾಮಾನ್ಯವಾಗಿ ಇದೇ. ಅದರ ನಿಯಮಗಳು ಅನ್ವಯವಾಗುವ ಕ್ರಮ ಇದು: ಮೊದಲು ಲೋಕಲ್, ಆಮೇಲೆ ಸೈಟ್, ಆಮೇಲೆ ಡೊಮೈನ್, ಕೊನೆಗೆ ವಿಭಾಗ. ಕೊನೆಯಲ್ಲಿ ಬಂದದ್ದು ಗೆಲ್ಲುತ್ತದೆ. ಇಷ್ಟೇ ಆಗಿದ್ದರೆ ಮಗುವಿಗೂ ಕಲಿಸಬಹುದಿತ್ತು. ಆದರೆ ಕೆಳಗಿನ ವಿಭಾಗಕ್ಕೆ 'ಮೇಲಿನಿಂದ ಬರುವುದು ನಮಗೆ ಬೇಡ' ಎನ್ನುವ ಹಕ್ಕು ಕೊಟ್ಟರು. ಮೇಲಿನವರು ಸುಮ್ಮನಿರುತ್ತಾರೆಯೇ? ಆ ಹಕ್ಕನ್ನು ದಾಟಿಹೋಗುವ 'ಕಡ್ಡಾಯ' ಎಂಬ ಮುದ್ರೆಯನ್ನು ಅವರಿಗೆ ಕೊಟ್ಟರು. ಇಬ್ಬರು ಕಡ್ಡಾಯ ಮುದ್ರೆ ಒತ್ತಿದರೆ? ಆಗ ಕ್ರಮ ತಲೆಕೆಳಗು, ಮೇಲಿನವರದೇ ಗೆಲುವು. ಇದರ ಜೊತೆಗೆ ಬಳಕೆದಾರ ಯಾವ ಮಷೀನಿನ ಮುಂದೆ ಕೂತಿದ್ದಾನೆ ಎಂಬುದರ ಮೇಲೆ ಎಲ್ಲವನ್ನೂ ತಿರುವಿಹಾಕುವ ಲೂಪ್‌ಬ್ಯಾಕ್ ಎಂಬ ಇನ್ನೊಂದು ಏರ್ಪಾಡು. ಬದಲಾವಣೆ ಮಷೀನಿಗೆ ತಲುಪುವುದೂ ತಕ್ಷಣವಲ್ಲ: ರೂಢಿಯ ಗಡುವು 90 ನಿಮಿಷ, ಅದರ ಮೇಲೆ ಮನಬಂದಂತೆ ಸೇರಿಸುವ ಮೂವತ್ತು ನಿಮಿಷದವರೆಗಿನ ವಿಳಂಬ. ಪಕ್ಕದ ಮೇಜಿನವರಿಗೆ ಬಂದದ್ದು ನಿಮಗೇಕೆ ಬಂದಿಲ್ಲ ಎಂದು ಕೇಳಿದರೆ ಐಟಿ ವಿಭಾಗದ ಹುಡುಗ 'ರೀಸ್ಟಾರ್ಟ್ ಮಾಡಿ ನೋಡಿ ಮೇಡಂ' ಎನ್ನುವುದು ಸೋಮಾರಿತನದಿಂದಲ್ಲ. ಅವನಿಗೂ ಗೊತ್ತಿಲ್ಲ.

ಇನ್ನು ಅನ್ಸಿಬಲ್. ಸಾವಿರಾರು ಸರ್ವರುಗಳನ್ನು ಒಂದೇ ಏಟಿಗೆ ಸಜ್ಜುಗೊಳಿಸಲು ಜಗತ್ತೆಲ್ಲ ಬಳಸುವ ಸಲಕರಣೆ. ಅದರಲ್ಲಿ ಒಂದು ಹೆಸರಿಗೆ ಬೆಲೆ ಬರಬಹುದಾದ ಜಾಗಗಳನ್ನು ಅದರ ಕೈಪಿಡಿಯೇ ಏರುಕ್ರಮದಲ್ಲಿ ಪಟ್ಟಿ ಮಾಡಿದೆ. ಒಟ್ಟು 22 ಮೆಟ್ಟಿಲು. ಅದೇ ಕೈಪಿಡಿ, ಸಾಧ್ಯವಾದಷ್ಟು ಮಟ್ಟಿಗೆ ಒಂದು ಹೆಸರನ್ನು ಒಂದೇ ಕಡೆ ಬರೆಯಿರಿ ಎಂದು ಬುದ್ಧಿ ಹೇಳುತ್ತದೆ. ಇಪ್ಪತ್ತೆರಡು ಬಾಗಿಲಿನ ಮನೆ ಕಟ್ಟಿ, ಒಂದರಲ್ಲೇ ಓಡಾಡಿ ಎಂದ ಹಾಗೆ.

ಇಲ್ಲಿ ನಮ್ಮ ಪಂಡಿತರೊಬ್ಬರು ಎದ್ದು ನಿಂತು, ಪಾಣಿನಿ ಮಾಡಿದ್ದೂ ಇದೇ ಅಲ್ಲವೇ ಎಂದು ಕೇಳಬಹುದು. ನಿಜ. ಅಷ್ಟಾಧ್ಯಾಯಿಯ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಉತ್ಸರ್ಗವೆಂಬ ಸಾಮಾನ್ಯ ನಿಯಮವಿದೆ, ಅದನ್ನು ತಳ್ಳಿಹಾಕುವ ಅಪವಾದವಿದೆ, ಎರಡು ನಿಯಮ ಜಗಳಕ್ಕೆ ನಿಂತರೆ ಯಾವುದು ಗೆಲ್ಲಬೇಕೆಂದು ಹೇಳುವ ಸೂತ್ರವೂ ಮೊದಲ ಅಧ್ಯಾಯದಲ್ಲಿದೆ. ಆದರೆ ಆ ಒಂದು ಸೂತ್ರದ ಅರ್ಥವೇನು ಎಂದು ಕಾತ್ಯಾಯನ, ಪತಂಜಲಿಯರಿಂದ ಹಿಡಿದು ಎರಡು ಸಾವಿರ ವರ್ಷ ಚರ್ಚೆ ನಡೆಯಿತು. 2022ರಲ್ಲಿ ಕೇಂಬ್ರಿಡ್ಜಿನ ಋಷಿ ರಾಜ್‌ಪೋಪಟ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಎಲ್ಲರೂ ಅದನ್ನು ತಪ್ಪಾಗಿ ಓದಿದ್ದಾರೆ ಎಂದು ವಾದಿಸಿದರು, ವಿದ್ವಾಂಸರಲ್ಲಿ ಮತ್ತೆ ಜಗಳ. ಪಾಣಿನಿಯಂಥವನ ಕೈಯಲ್ಲೇ ತಳ್ಳಿಹಾಕುವ ನಿಯಮ ಇಷ್ಟು ಗೊಂದಲ ತಂದಿತೆಂದರೆ ನಮ್ಮ ಪಾಡೇನು? ಅದೂ ಅಲ್ಲದೆ, ವ್ಯಾಕರಣ ಓದುವ ವಟುವಿಗೆ ನಾಲ್ಕು ಸಾವಿರವೂ ಕಂಠಪಾಠವಾಗಿರುತ್ತಿತ್ತು. ರಾತ್ರಿ ಎರಡೂವರೆಗೆ ಎದ್ದು ಕೂತ ಹಾಸನದ ಹುಡುಗಿಗೆ ಯಾವ ಸಾಲೂ ಬಾಯಿಗೆ ಬರುವುದಿಲ್ಲ.

ಓದಲಾಗದ್ದು ಒಂದು ದೋಷ. ಇದಕ್ಕಿಂತ ದೊಡ್ಡದು, ಕೇಂದ್ರದ ಕೈ ಎಷ್ಟು ಉದ್ದ ಎಂಬುದು. ನೂರು ಕಡೆ ನೂರು ಫೈಲ್ ಇದ್ದಾಗ ಒಬ್ಬನ ತಪ್ಪು ಒಂದು ಮಷೀನನ್ನು ಕೆಡಿಸುತ್ತಿತ್ತು. ಈಗ ಒಂದು ತಪ್ಪು ಸಾಲು ಕಾಫಿ ಲೋಟ ಮೇಜಿಗೆ ಇಡುವಷ್ಟರಲ್ಲಿ ಭೂಮಂಡಲ ಸುತ್ತಿ ಬರುತ್ತದೆ.

2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ನಿಂತುಹೋಯಿತು. ಕೆಡಿಸಿದ್ದು ತಪ್ಪು ಸೆಟ್ಟಿಂಗ್‌ಗಳನ್ನು ಹುಡುಕಿ ತಿದ್ದಲೆಂದೇ ಕಟ್ಟಿದ್ದ ವ್ಯವಸ್ಥೆ. ಮಷೀನುಗಳ ಹತ್ತಿರವಿದ್ದ ಬೆಲೆ ಕೆಟ್ಟಿದ್ದರೆ ಕೇಂದ್ರದಿಂದ ಒಳ್ಳೆಯದನ್ನು ತಂದು ಕೂರಿಸುವುದು ಅದರ ಕೆಲಸ. ಆ ದಿನ ಕೇಂದ್ರದಲ್ಲಿದ್ದ ಬೆಲೆಯೇ ಅಸಿಂಧು ಎಂದು ಪ್ರೋಗ್ರಾಮಿಗೆ ಕಂಡಿತು. ಪ್ರತಿ ಮಷೀನೂ ತಿದ್ದಲು ಕೇಂದ್ರಕ್ಕೆ ಓಡಿತು, ಅಲ್ಲಿಂದಲೂ ಅಸಿಂಧುವೇ ಬಂತು, ಮತ್ತೆ ಓಡಿತು. ಸೆಕೆಂಡಿಗೆ ಲಕ್ಷಗಟ್ಟಲೆ ವಿಚಾರಣೆಗಳ ಕೆಳಗೆ ಡೇಟಾಬೇಸುಗಳು ಮಗುಚಿಕೊಂಡವು. ಆ ಸುಳಿಯನ್ನು ನಿಲ್ಲಿಸಲು ಇಡೀ ಸೈಟನ್ನೇ ಮುಚ್ಚಬೇಕಾಯಿತು.

ಹದಿನೈದು ವರ್ಷ ಕಳೆದರೂ ಪಾಠ ಹಳೆಯದಾಗಿಲ್ಲ. 2025ರ ಜೂನ್ 12ರಂದು ಗೂಗಲ್ ಕ್ಲೌಡ್‌ನಲ್ಲಿ ಕೋಟಾ ಮತ್ತು ಪಾಲಿಸಿಗಳನ್ನು ನೋಡಿಕೊಳ್ಳುವ ಸರ್ವಿಸ್ ಕಂಟ್ರೋಲ್ ಎಂಬ ವ್ಯವಸ್ಥೆಗೆ ಒಂದು ಪಾಲಿಸಿ ಬದಲಾವಣೆ ಹೋಯಿತು. ಅದರಲ್ಲಿ ಕೆಲವು ಕಾಲಂ ಖಾಲಿ ಇದ್ದವು. ಖಾಲಿ ಕಾಲಂ ಓದಲು ಬಾರದ ಕೋಡ್ ಮೇ 29ರಿಂದಲೇ ಎಲ್ಲ ಕಡೆ ಹೋಗಿ ಕೂತಿತ್ತು. ಪಾಲಿಸಿ ಕೆಲವೇ ಸೆಕೆಂಡುಗಳಲ್ಲಿ ಜಗತ್ತಿನ ಎಲ್ಲ ಪ್ರದೇಶಗಳಿಗೂ ನಕಲಾಯಿತು. ಎಲ್ಲ ಕಡೆಯೂ ಆ ಸರ್ವಿಸ್ ಬಿತ್ತು, ಎದ್ದಿತು, ಮತ್ತೆ ಬಿತ್ತು. ಅವರ ಎಂಜಿನಿಯರುಗಳು ಹತ್ತು ನಿಮಿಷದಲ್ಲಿ ಕಾರಣ ಹಿಡಿದರು, ಅದು ಅವರ ಜಾಣ್ಮೆ. ಹತ್ತು ನಿಮಿಷದೊಳಗೆ ಜಗತ್ತೇ ಬಿದ್ದಾಗಿತ್ತು, ಅದು ಪದ್ಧತಿಯ ಕೊಡುಗೆ.

ನಮ್ಮ ಊರಿಗೆ ತಟ್ಟಿದ್ದನ್ನು ಹೇಳುತ್ತೇನೆ. 2025ರ ಡಿಸೆಂಬರ್ 5, ಮಧ್ಯಾಹ್ನ ಎರಡೂ ಕಾಲು ಗಂಟೆ ದಾಟಿದೆ, ಶೇರು ಮಾರುಕಟ್ಟೆ ಮುಚ್ಚಲು ಇನ್ನೂ ಒಂದು ಗಂಟೆಯ ಮೇಲಿದೆ. ಬೆಂಗಳೂರಿನ ಝೆರೋಧಾ, ಗ್ರೋ ಎರಡರ ಗಿರಾಕಿಗಳಿಗೂ ಪರದೆ ಕೈಕೊಟ್ಟಿತು. ಕಾರಣ ಅವರಲ್ಲಿ ಇರಲಿಲ್ಲ, ವೆಬ್ ಸಂಚಾರವನ್ನು ಸಾಗಿಸಲು ಅವರು ಆತುಕೊಂಡಿದ್ದ ಕ್ಲೌಡ್‌ಫ್ಲೇರ್‌ನಲ್ಲಿತ್ತು. ಒಂದು ಗಂಭೀರ ಭದ್ರತಾ ದೋಷದಿಂದ ಗಿರಾಕಿಗಳನ್ನು ಕಾಪಾಡುವ ಕೆಲಸದ ನಡುವೆ ಅಲ್ಲಿನವರು ತಮ್ಮ ಒಳಗಿನ ಒಂದು ಪರೀಕ್ಷಾ ಸಲಕರಣೆಯನ್ನು ನಿಲ್ಲಿಸಲು ಹೋದರು. ನಿಲ್ಲಿಸಿದ್ದು ಜಾಗತಿಕ ಕಾನ್ಫಿಗರೇಷನ್ ವ್ಯವಸ್ಥೆಯ ಮೂಲಕ, ಮೆಟ್ಟಿಲು ಮೆಟ್ಟಿಲಾಗಿ ಹೋಗದೆ ಸೆಕೆಂಡುಗಳಲ್ಲಿ ಎಲ್ಲೆಡೆ ತಲುಪುವ ದಾರಿಯಲ್ಲಿ. ನಿಯಮವನ್ನು ತಳ್ಳಿಹಾಕುವ ಆ ಕಿಲ್‌ಸ್ವಿಚ್ಚನ್ನು ಅಂಥ ಬಗೆಯ ನಿಯಮದ ಮೇಲೆ ಹಿಂದೆಂದೂ ಒತ್ತಿರಲಿಲ್ಲ. ಒತ್ತಿದಾಗ ಹಲವು ವರ್ಷಗಳಿಂದ ಮಲಗಿದ್ದ ಒಂದು ತಪ್ಪು ಎದ್ದಿತು. ಕ್ಲೌಡ್‌ಫ್ಲೇರ್ ಮೂಲಕ ಹಾಯುವ ವೆಬ್ ಸಂಚಾರದಲ್ಲಿ ಸುಮಾರು ಶೇಕಡಾ 28ರಷ್ಟಕ್ಕೆ 25 ನಿಮಿಷ ಪೆಟ್ಟು. ಇದಕ್ಕೆ ಹದಿನೇಳು ದಿನ ಮೊದಲು, ನವೆಂಬರ್ 18ರಂದು, ಇದೇ ಕಂಪನಿಯ ಇನ್ನೊಂದು ಫೈಲ್ ಗಾತ್ರದಲ್ಲಿ ಇಮ್ಮಡಿಯಾಗಿ ಹೀಗೆಯೇ ಎಲ್ಲೆಡೆ ಹಬ್ಬಿ ಗಂಟೆಗಟ್ಟಲೆ ಕಾಡಿತ್ತು. ಇವರು ದಡ್ಡರಲ್ಲ. ತಮ್ಮ ತಪ್ಪನ್ನು ಇಷ್ಟು ಬಿಚ್ಚಿ ಬರೆಯುವ ಕಂಪನಿಗಳು ಕಡಿಮೆ. ಅಂಥವರನ್ನೇ ಎರಡು ಸಲ ಒಂದೇ ಗುಂಡಿಗೆ ಇಳಿಸಿದ ದಾರಿಯನ್ನು ನಾವು ಹೆದ್ದಾರಿ ಎಂದು ಕರೆಯುತ್ತಿದ್ದೇವೆ.

ಇವೆಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು 2024ರ ಜುಲೈ 19. ಭದ್ರತಾ ಸಾಫ್ಟ್‌ವೇರ್ ಮಾರುವ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಫೈಲಿನಿಂದ ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಕೋಡು ಇಪ್ಪತ್ತು ಅಂಶ ಕೊಡುತ್ತಿದ್ದಲ್ಲಿ ಫೈಲು ಇಪ್ಪತ್ತೊಂದನೆಯದನ್ನು ಕೇಳಿತು ಎಂಬ ಕಾರಣ ಎಲ್ಲರಿಗೂ ಗೊತ್ತು. ಕಡಿಮೆ ಚರ್ಚೆಯಾದ ವಿಷಯ ಬೇರೆ. ಎಚ್ಚರದ ಗಿರಾಕಿಗಳು ಅನೇಕರು 'ಹೊಸ ಆವೃತ್ತಿ ನಮಗೆ ಬೇಡ, ಒಂದು ಹೆಜ್ಜೆ ಹಿಂದಿನದು ಸಾಕು' ಎಂದು ತಮ್ಮಲ್ಲಿ ಸೆಟ್ಟಿಂಗ್ ಮಾಡಿಟ್ಟುಕೊಂಡಿದ್ದರು. ಆ ಎಚ್ಚರ ಪ್ರೋಗ್ರಾಮಿಗಷ್ಟೇ ಅನ್ವಯ, ಈ ಬಗೆಯ ತುರ್ತು ಫೈಲುಗಳಿಗಲ್ಲ ಎಂಬುದು ಅವರಿಗೆ ನೀಲಿ ಪರದೆ ನೋಡಿದ ಮೇಲೆ ತಿಳಿಯಿತು. ಕಳಿಸಿದವರು 78 ನಿಮಿಷದಲ್ಲಿ ಫೈಲನ್ನು ಹಿಂದಕ್ಕೆ ಪಡೆದರು. ಬಿದ್ದ ಮಷೀನುಗಳ ಬಹುಪಾಲನ್ನು ಎಬ್ಬಿಸಲು ಜನ ಒಂದೊಂದರ ಮುಂದೆ ಹೋಗಿ ನಿಲ್ಲಬೇಕಾಯಿತು. ತಳ್ಳಿಹಾಕುವ ಅಧಿಕಾರ ಕೇಂದ್ರದಲ್ಲಿ, ರಿಪೇರಿಯ ಬೆವರು ಅಂಚಿನಲ್ಲಿ.

ಎದುರು ಪಕ್ಷದವರ ಬತ್ತಳಿಕೆಯಲ್ಲಿ ನಾಲ್ಕು ಬಾಣಗಳಿವೆ. ಮೊದಲನೆಯದು ನೈಟ್ ಕ್ಯಾಪಿಟಲ್. 2012ರ ಆಗಸ್ಟ್ 1ರಂದು ಅಮೆರಿಕದ ಈ ಶೇರು ಕಂಪನಿ 45 ನಿಮಿಷದಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರುಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕುವುದು ಮರೆತಿತ್ತು. 'ನೋಡಿ, ಕೇಂದ್ರೀಕೃತ ವ್ಯವಸ್ಥೆ ಇಲ್ಲದ್ದಕ್ಕೇ ಹೀಗಾಯಿತು' ಎನ್ನುತ್ತಾರೆ. ಪ್ರಕರಣವನ್ನು ಪೂರ್ತಿ ಓದಿದವರು ಹಾಗೆ ಹೇಳಲಾರರು. ಆ ದಿನ ಎಂಟೂ ಮಷೀನುಗಳಿಗೆ ಒಂದೇ ಫ್ಲ್ಯಾಗ್, ಅಂದರೆ ಒಂದೇ ಗುರುತು, ಬರುತ್ತಿತ್ತು. ಏಳಕ್ಕೆ ಅದರ ಅರ್ಥ ಹೊಸ ಬಗೆಯ ಆರ್ಡರ್. ಎಂಟನೆಯದಕ್ಕೆ ಅದರ ಅರ್ಥ 2003ರಲ್ಲೇ ಬಳಕೆ ನಿಲ್ಲಿಸಿದ್ದ ಒಂದು ಹಳೆಯ ಕೋಡನ್ನು ಎಬ್ಬಿಸು ಎಂದು. ಬೆಲೆಯನ್ನು ಎಲ್ಲೆಡೆ ಒಂದೇ ಮಾಡಬಹುದು. ಅರ್ಥ ಮಾತ್ರ ಆಯಾ ಮಷೀನಿನ ಕೋಡಿನಲ್ಲಿರುತ್ತದೆ, ಅದನ್ನು ಕೇಂದ್ರ ನೋಡಲಾರದು.

ಎರಡನೆಯ ಬಾಣ ಹರಿತವಾದದ್ದು, ಅದಕ್ಕೆ ನಾನು ತಲೆಬಾಗುತ್ತೇನೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಸಣ್ಣ ಲೈಬ್ರರಿಯಲ್ಲಿ ಭಯಾನಕ ತೂತು ಸಿಕ್ಕಿತು. ಹೊಸ ಆವೃತ್ತಿ ಹಾಕಲು ವಾರಗಳು ಬೇಕಾಗಿದ್ದ ಕಡೆ, ಒಂದು ಸೆಟ್ಟಿಂಗನ್ನು ಕೇಂದ್ರದಿಂದ ಎಲ್ಲ ಮಷೀನುಗಳಿಗೂ ಹೇರಿ ಒಂದು ರಾತ್ರಿಯಲ್ಲಿ ತೂತು ಮುಚ್ಚಿದರು. ಬೆಂಕಿ ಬಿದ್ದಾಗ ಬಾಗಿಲು ಒಡೆಯುವ ಕೊಡಲಿ ಮನೆಯಲ್ಲಿರಲಿ, ಬೇಡ ಎನ್ನುವುದಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ದಿನಗಳಲ್ಲಿ, ಕೆಲವು ಸಂದರ್ಭಗಳಲ್ಲಿ ಆ ಸೆಟ್ಟಿಂಗ್ ಸಾಲದು ಎಂಬ ಇನ್ನೊಂದು ಪ್ರಕಟಣೆ ಬಂತು. ಲೈಬ್ರರಿ ಬದಲಾಯಿಸಿದವರೂ ಇನ್ನೊಂದು ಆವೃತ್ತಿ ಹಾಕಬೇಕಾಯಿತು. 'ಓವರ್‌ರೈಡ್ ಹಾಕಿದ್ದೇವೆ' ಎಂದು ಡ್ಯಾಶ್‌ಬೋರ್ಡ್ ಹಸಿರು ಮಾಡಿ ಮಲಗಿದವರು ಮತ್ತೆ ಎದ್ದರು. ಆ ಸೆಟ್ಟಿಂಗ್‌ನ ಸಾಲು ಅದಾಗಿ ಮೂರು ವರ್ಷದ ಮೇಲೂ ಫೈಲುಗಳಲ್ಲಿ ಕೂತಿರುವುದನ್ನು ನಾನೇ ಕಂಡಿದ್ದೇನೆ, ಕಾಯಬೇಕಾದ ಲೈಬ್ರರಿಯೇ ಅಲ್ಲಿರಲಿಲ್ಲ.

ಮೂರನೆಯದು ಪುನರುಕ್ತಿಯ ಭಯ. ಒಂದೇ ಅಂಕಿಯನ್ನು ನೂರು ಕಡೆ ಬರೆಯುವುದು ಪಾಪ ಎಂದು 1999ರ 'ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್' ಪುಸ್ತಕದ ಹೆಸರಲ್ಲಿ ಆಣೆ ಇಡುತ್ತಾರೆ. ಅದರ ಲೇಖಕರಾದ ಹಂಟ್ ಮತ್ತು ಥಾಮಸ್ ಅಲ್ಲಿ ಹೇಳಿದ್ದು ಒಂದು ತಿಳಿವಳಿಕೆ ಎರಡು ಕಡೆ ಇರಬಾರದು ಎಂದು. ಬ್ಯಾಂಕಿಗೆ ಕಾಯುವ ಮೂವತ್ತು ಸೆಕೆಂಡು ಮತ್ತು ಎಸ್ಸೆಮ್ಮೆಸ್ಸಿಗೆ ಕಾಯುವ ಮೂವತ್ತು ಸೆಕೆಂಡು ಒಂದೇ ತಿಳಿವಳಿಕೆಯೇ? ನನಗೂ ಪಕ್ಕದ ಮನೆಯವರಿಗೂ ಒಂದೇ ಅಳತೆಯ ಚಪ್ಪಲಿ. ಅದಕ್ಕೆಂದು ಒಂದೇ ಜೊತೆ ಇಟ್ಟುಕೊಳ್ಳುತ್ತೇವೆಯೇ?

ನಾಲ್ಕನೆಯದು: 'ಈಗ ಸಲಕರಣೆಗಳಿವೆಯಲ್ಲ, ಅಂತಿಮ ಬೆಲೆ ಯಾವುದು, ಯಾವ ಫೈಲಿನಿಂದ ಬಂತು ಎಂದು ತೋರಿಸುತ್ತವೆ.' ಹೌದು, ಗ್ರೂಪ್ ಪಾಲಿಸಿಗೂ ಅಂಥದ್ದಿದೆ, ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್‌ನಲ್ಲೂ ಇದೆ. ಅವು ತೋರಿಸುವುದು ಈ ಮಷೀನಿನಲ್ಲಿ ಈ ಕ್ಷಣ ಏನಿದೆ ಎಂಬುದನ್ನು. ಕೇಂದ್ರದ ಪಟ್ಟಿಗೆ ನಾನು ಈಗ ಸೇರಿಸಲಿರುವ ಒಂದು ಸಾಲು ಯಾರ್ಯಾರ ಬೆಲೆಯನ್ನು ಬದಲಿಸುತ್ತದೆ, ಮುಂದಿನ ವರ್ಷ ಹುಟ್ಟಲಿರುವ ಯಾವ ಸರ್ವಿಸಿಗೆ ಮುಳ್ಳಾಗುತ್ತದೆ ಎಂದು ಅವುಗಳಿಗೆ ಗೊತ್ತಿಲ್ಲ.

ಹಾಗಾದರೆ ಏನು ಮಾಡಬೇಕು? ಅಪ್ಪನ ನೋಟ್‌ಬುಕ್. ಪ್ರತಿ ಸರ್ವಿಸಿಗೂ, ಪ್ರತಿ ಪ್ರದೇಶಕ್ಕೂ, ಅದರ ಎಲ್ಲ ಬೆಲೆಗಳನ್ನೂ ಪೂರ್ತಿಯಾಗಿ ಬರೆದ ಒಂದು ಫೈಲ್. ಪದರವಿಲ್ಲ, ಮೇಲಿಲ್ಲ, ಕೆಳಗಿಲ್ಲ. ಸಾವಿರ ಫೈಲುಗಳಾಗುತ್ತವೆಯೇ, ಆಗಲಿ, ಬರೆಯುವುದು ಯಂತ್ರ ತಾನೇ. ಪದರಗಳಿಂದಲೇ ಹುಟ್ಟಿಸುವುದಿದ್ದರೂ ಅಡುಗೆ ಮನೆಯಲ್ಲೇ ಬೇಯಿಸಿ ಮುಗಿಸಿ, ಬೆಂದದ್ದನ್ನು ಮಾತ್ರ ಎಲೆಗೆ ಬಡಿಸಿ. ಆಗ ಒಂದು ಮೂಲ ಸಾಲು ಬದಲಾಯಿಸಿದರೆ ಮುನ್ನೂರು ಫೈಲುಗಳು ಬದಲಾಗುವುದು ಒಪ್ಪಿಗೆ ಕೊಡುವವರ ಕಣ್ಣಿಗೆ ಬೀಳುತ್ತದೆ; ಹೊಸ ಸರ್ವಿಸಿನ ಫೈಲ್ ಹುಟ್ಟುವಾಗಲೂ 'ಪೇಔಟ್: ಮೂವತ್ತು ಹೋಗಿ ಮೂರು' ಎಂಬ ಕೆಂಪು ಗೆರೆ ಕಾಣುತ್ತದೆ. ಹಾಸನದ ಹುಡುಗಿ ಅದನ್ನು ಹನ್ನೊಂದು ಗಂಟೆಗೆ ಮೊದಲೇ ಓದಿರುತ್ತಿದ್ದಳು. ಇದು ನನ್ನ ಕನಸೇನೂ ಅಲ್ಲ. 2010ರಲ್ಲಿ ಕೈ ಸುಟ್ಟುಕೊಂಡ ಫೇಸ್‌ಬುಕ್‌ನವರೇ 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಮ್ಮ ಕಾನ್ಫಿಗರೇಟರ್ ಎಂಬ ವ್ಯವಸ್ಥೆಯನ್ನು ವಿವರಿಸಿದ್ದಾರೆ: ಸೆಟ್ಟಿಂಗನ್ನು ಪ್ರೋಗ್ರಾಮಿನ ಹಾಗೆ ಬರೆದು, ಮೊದಲೇ ಸಂಕಲಿಸಿ, ಇನ್ನೊಬ್ಬರಿಂದ ಓದಿಸಿ, ಕೆಲವೇ ಮಷೀನುಗಳಲ್ಲಿ ಪರೀಕ್ಷಿಸಿ ಆಮೇಲೆ ಹಂಚುವುದು. ಅದೂ ಕೇಂದ್ರವೇ. ಕೇಂದ್ರ ಓದಲಿ, ಎಣಿಸಲಿ, ತಪ್ಪು ಕಂಡರೆ ತಡೆಯಲಿ. ಅಂಚಿನಲ್ಲಿ ಬರೆದದ್ದನ್ನು ಬರೆದವರಿಗೆ ಹೇಳದೆ ತಳ್ಳಿಹಾಕುವುದು ಬೇಡ.

ಕೊಡಲಿ ಬೇಕೇ ಬೇಕೆಂದರೆ ಅದಕ್ಕೊಂದು ಅವಧಿ ಇರಲಿ. ಹದಿನಾಲ್ಕು ದಿನ ಎನ್ನಿ. ದಿನ ಮುಗಿದ ಕೂಡಲೇ ಓವರ್‌ರೈಡ್ ಸಾಲು ತಾನೇ ಬಿದ್ದುಹೋಗಬೇಕು, ಮುಂದುವರಿಸಲು ಒಬ್ಬ ಹೆಸರಿರುವ ಮನುಷ್ಯ ಮತ್ತೆ ಸಹಿ ಮಾಡಬೇಕು. 'ಪೇ ಎಂದು ಶುರುವಾಗುವ ಎಲ್ಲವೂ' ಎಂಬಂಥ ಬಲೆ ಬೀಸುವ ನಿಯಮವನ್ನು ಬರೆಯಲೇ ಆಗದಂತೆ ಮಾಡಬೇಕು. ಹೆಸರು ಹಿಡಿದು ಕರೆಯಿರಿ, ನೂರು ಇದ್ದರೆ ನೂರೂ ಹೆಸರು. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ: ತಳ್ಳಿಹಾಕುವ ಹಸಿವು ಹುಟ್ಟುವುದೇ ಸೆಟ್ಟಿಂಗ್‌ಗಳು ಅತಿಯಾದಾಗ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಅಪಾಚೆ, ಮೈಎಸ್‌ಕ್ಯೂಎಲ್, ಹಡೂಪ್ ಮುಂತಾದವನ್ನು ನೋಡಿ, ಶೇಕಡಾ 54ರವರೆಗಿನ ಸೆಟ್ಟಿಂಗ್‌ಗಳನ್ನು ಬಳಕೆದಾರರು ಮುಟ್ಟುವುದೇ ಅಪರೂಪವೆಂದು ಕಂಡುಕೊಂಡರು. ತಿರುಗಿಸುವವರಿಲ್ಲದ ತಿರುಗಣೆಗಳನ್ನು ಕಿತ್ತುಹಾಕಿದರೆ ಅರ್ಧ ಜಗಳ ಮುಗಿಯುತ್ತದೆ.

ಆ ಪೇಔಟ್ ಪ್ರಕರಣದ ಕೊನೆಯನ್ನು ಹೇಳಲಿಲ್ಲ. ವಾರದ ನಂತರ ಮೀಟಿಂಗ್ ನಡೆಯಿತು. 'ಪೇ' ಸಾಲನ್ನು ಅಳಿಸಿಬಿಡೋಣ ಎಂದೆ. ಅದರ ಮೇಲೆ ಇನ್ನು ಯಾರ್ಯಾರು ಆತುಕೊಂಡಿದ್ದಾರೋ ಗೊತ್ತಿಲ್ಲ, ಮುಟ್ಟುವುದು ಬೇಡ ಎಂದು ತೀರ್ಮಾನವಾಯಿತು. ಅದರ ಬದಲು ಅದರ ಮೇಲೆ ಇನ್ನೊಂದು ಓವರ್‌ರೈಡ್ ಬರೆದರು: ಪೇಔಟ್‌ಗೆ ಮಾತ್ರ ಮೂವತ್ತು. ಭಾಗಶಃ ಮಾರ್ಪಡಿಸಿ ಆದೇಶಿಸಿದೆ. ನಾನು ಆ ಕಂಪನಿ ಬಿಟ್ಟು ಮೂರು ವರ್ಷವಾಯಿತು. ಮೊನ್ನೆ ಆ ಹುಡುಗಿ ಫೋನ್ ಮಾಡಿದ್ದಳು, ಈಗ ಅವಳೇ ಅಲ್ಲಿ ಟೀಮ್ ಲೀಡ್. ಎರಡೂ ಸಾಲುಗಳು ಇನ್ನೂ ಅಲ್ಲೇ ಇವೆಯಂತೆ.